ನನ್ನ ಹೆಸರಿನ ಕೆಳಗಿನ ಸಾಲು

ಅವರ ಬಲಗೈ ತೋರುಬೆರಳು ನೆಟ್ಟಗಾಗುತ್ತಿರಲಿಲ್ಲ. ಯಾವಾಗಲೋ ಭಾಲ್ಕಿ ಬಸ್ಸಿನ ಬಾಗಿಲಿಗೆ ಸಿಕ್ಕು ಮುರಿದದ್ದು, ಕೂಡುವಾಗ ಕೊಕ್ಕೆಯ ಹಾಗೆ ಕೂಡಿತ್ತು. ಪಂಚಾಯ್ತಿ ಕಟ್ಟೆಯ ಮೇಲೆ ಯಾರಾದರೂ “ಇದಕ್ಕ ಮ್ಯಾಲಿನವ್ರೇ ಏನರ ಮಾಡ್ಬೇಕ್ರಿ” ಎಂದರೆ ಅವರು ಆ ಬೆರಳನ್ನು ಔರಾದದ ದಿಕ್ಕಿಗೆ ಚಾಚುತ್ತಿದ್ದರು. ಕೈ ಔರಾದದ ಕಡೆ ಹೋಗುತ್ತಿತ್ತು, ಬೆರಳ ತುದಿ ಮಾತ್ರ ಮಡಚಿಕೊಂಡು ಊರಿನ ಕಡೆಗೇ ನೋಡುತ್ತಿತ್ತು. ಮಂದಿ ನಗುತ್ತಿದ್ದರು. ಅವರೂ ನಗುತ್ತಿದ್ದರು. ನಗು ನಿಂತ ಮೇಲೆ ಕೇಳುತ್ತಿದ್ದರು: “ಖರೆ ಹೇಳ್ರಿ, ಇದು ನಿಮ್ಮ ಕೈಲಿಂದ ಆಗಂಗಿಲ್ಲೇನು?”

ನಮ್ಮೂರ ಪಂಚಾಯ್ತಿಯ ಸೆಕ್ರೆಟರಿ ಅವರು. ಊರು ಔರಾದ ತಾಲ್ಲೂಕಿನದು. ಅವರ ಹೆಸರು ಹಿಡಿದು ಯಾರೂ ಕರೆದದ್ದಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ. ಊರಿಗೆಲ್ಲ ಸೆಕ್ರೆಟರಿ ಸಾಹೇಬರು. ಭಾಲ್ಕಿಯಲ್ಲಿ ಒಂದು ಬಾಡಿಗೆ ಕೋಣೆ, ಹೆಂಡತಿ ಬಹಳ ಹಿಂದೆಯೇ ತೀರಿದ್ದರು, ಮಕ್ಕಳಿರಲಿಲ್ಲ. ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚಿ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು. ಹೀಗೇಕೆ ಎಂದು ಒಮ್ಮೆ ಕೇಳಿದೆ. “ಮಂದಿ ಕಡಿ ಮಾರಿ ಮಾಡಿ ಕುಂತ್ರ ರೊಟ್ಟಿ ಮ್ಯಾಲ ಅರ್ಜಿ ಇಡ್ತಾರಪಾ” ಎಂದರು. ಅದು ನಗೆಮಾತು. ಒಬ್ಬನೇ ಉಣ್ಣುವ ಮನುಷ್ಯನಿಗೆ ಎದುರಿಗೆ ಜನ ಇದ್ದರೆ ತುತ್ತು ಇಳಿಯುವುದಿಲ್ಲ ಎಂಬುದು ನನಗೆ ತಿಳಿದದ್ದು ನನ್ನ ಹೆಂಡತಿ ಹೋದ ಮೇಲೆ.

ಅವರ ಖುರ್ಚಿಯ ಹಿಂದಿನ ಗೋಡೆಗೆ ಮೂರು ಮೊಳೆಗಳಿದ್ದವು. ಬಂದ ಅರ್ಜಿಯನ್ನು ಓದಿ, ಯಾವುದಾದರೊಂದು ಮೊಳೆಗೆ ಚುಚ್ಚುವುದು ಅವರ ಪದ್ಧತಿ. ಕೆಳಗಿನದು ಸೊಂಟದ ಎತ್ತರಕ್ಕೆ: ಮನೆಯವರು, ಓಣಿಯವರು ತಾವೇ ಕೂತು ಮುಗಿಸುವ ಕೆಲಸ. ನಡುವಿನದು ಪಂಚಾಯ್ತಿಯದು. ಮೂರನೆಯ ಮೊಳೆ ಚಾವಣಿಯ ಹತ್ತಿರ; ಅಲ್ಲಿಗೆ ಚುಚ್ಚಬೇಕಾದರೆ ಖುರ್ಚಿ ಹತ್ತಬೇಕು. ಅದು ಔರಾದಕ್ಕೋ ಬೀದರಕ್ಕೋ ಹೋಗುವ ಕಾಗದ. “ಅಷ್ಟು ಮ್ಯಾಲ ಯಾಕ ಹೊಡದೀರಿ ಸಾಹೇಬ್ರ?” ಎಂದರೆ, “ಮ್ಯಾಲ ಕಳಸೋದು ಸಸಾರ ಆಗಬಾರದು. ಖುರ್ಚಿ ಹತ್ತೋದರಾಗ ಒಂದಷ್ಟು ವಿಚಾರ ಬರ್ತದ” ಎನ್ನುತ್ತಿದ್ದರು. ಚರಂಡಿ ಕಟ್ಟಿದೆ ಎಂದು ಬಂದವರ ಕೈಗೆ ಸನಿಕೆ ಕೊಟ್ಟು ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಬೈದುಕೊಳ್ಳುತ್ತ ಹೋದರು, ಸಂಜೆ ಸನಿಕೆ ವಾಪಸು ಬಂತು, ಚರಂಡಿಯೂ ಹರಿಯಿತು.

ಈ ಪದ್ಧತಿ ಒಮ್ಮೆ ತಪ್ಪಿತು. ತಪ್ಪಿದ್ದು ನಮ್ಮ ಓಣಿಯ ವಿಷಯದಲ್ಲಿ.

ನಮ್ಮದು ಬುದ್ಧ ವಿಹಾರದ ಓಣಿ, ಊರಿನ ತುದಿಗಿದೆ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಕಲ್ಲು ಒಡೆಯಲು, ಮಣ್ಣು ಹೊರಲು ಹೋಗುತ್ತಿದ್ದ ಕಾಲ, ಮೀಸೆ ಬಂದಿತ್ತು. ಊರಿಗೆಲ್ಲ ನಳದ ಪೈಪು ಹಾಕಿದರು. ಪೈಪು ಬಂದು ನಮ್ಮ ಓಣಿಯ ಬಾಯಿಗೆ ನಿಂತಿತು. ಸಾಮಾನು ಮುಗಿದಿದೆ ಎಂದರು. ಆಮೇಲೆ ಸಾಮಾನು ಬಂತು, ಆದರೆ ಪಂಚಾಯ್ತಿಯಲ್ಲಿ ಹೆಚ್ಚು ಕೈ ಎತ್ತಿ ಅದನ್ನು ಬೇರೆ ಕಡೆಗೆ ಠರಾವು ಮಾಡಿಕೊಂಡರು. ನಮ್ಮವರು ಅರ್ಜಿ ಕೊಟ್ಟರು. ಸಾಹೇಬರು ಅದನ್ನು ನಡುವಿನ ಮೊಳೆಗೆ ಚುಚ್ಚಿದರು. ಊರಿನವರು ಊರಲ್ಲೇ ಬಗೆಹರಿಸಿಕೊಳ್ಳಲಿ ಎಂದು ಕಾದರು. ಎರಡು ತಿಂಗಳು ಕಾದರು. ನಮ್ಮ ಹೆಂಗಸರು ಹೊಲದ ಬಾವಿಯಿಂದ ನೀರು ಹೊರುತ್ತಲೇ ಇದ್ದರು.

ಕೊನೆಗೆ ನಮ್ಮವ್ವ ಖಾಲಿ ಕೊಡ ಸೊಂಟದ ಮೇಲಿಟ್ಟುಕೊಂಡೇ ಪಂಚಾಯ್ತಿಗೆ ಹೋದಳು. ನಾನು ಹಿಂದೆ. ಸಾಹೇಬರು ರೂಢಿಯಂತೆ ಕೇಳಿದರು: “ಇದು ನಿಮ್ಮ ಕೈಲಿಂದ ಆಗಂಗಿಲ್ಲೇನವ್ವಾ?”

“ಕೈ ಅವ ಸಾಹೇಬ್ರ” ಎಂದಳು ಅವ್ವ. “ಸನಿಕೆನೂ ಅದ. ಮಗ ಇಲ್ಲೇ ನಿಂತಾನ, ಅಗೀತಾನ. ಅಗಿಲಾಕ ಊರು ಬಿಡಬೇಕಲ್ರಿ? ಊರೇ ನಮ್ಮ ಕೈ ಹಿಡ್ಕೊಂಡು ಕುಂತದ.”

ಸಾಹೇಬರು ಎದ್ದು ನಡುವಿನ ಮೊಳೆಯಿಂದ ನಮ್ಮ ಕಾಗದ ಕಿತ್ತರು. ಮೇಲಿನ ಮೊಳೆಗೂ ಚುಚ್ಚಲಿಲ್ಲ. ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡು, ಉಣ್ಣದ ಡಬ್ಬಿ ಅಲ್ಲೇ ಬಿಟ್ಟು ಔರಾದದ ಬಸ್ಸು ಹತ್ತಿದರು.

ಮೂರನೆಯ ದಿನ ತಾಲ್ಲೂಕಿನ ಸಾಹೇಬರ ಜೀಪು ಬಂತು. ಊರಿನ ಹಿರಿಯರೊಬ್ಬರು ಸೆಕ್ರೆಟರಿ ಸಾಹೇಬರ ಮೇಲೆ ಹರಿಹಾಯ್ದರು. “ಊರಿನ ಮಾತು ಊರಾಗ ಅಂತ ಉಪದೇಶ ಮಾಡವ್ರು ನೀವಾ! ಈಗ ಜೀಪ್ ತಂದೀರಿ. ನಾಚ್ಕಿ ಆಗಂಗಿಲ್ಲೇನ್ರಿ?”

“ಆಗ್ತದ್ರಿ” ಎಂದರು. “ಎರಡು ತಿಂಗಳು ತಡಾ ಮಾಡೀನಿ, ಅದಕ್ಕ ನಾಚ್ಕಿ ಆಗ್ತದ. ಈ ಓಣಿನೂ ಊರೇ ಅದರಿ. ಊರಿನ ಕೈಲಿಂದ ಆಗೋದು ಊರೇ ಮಾಡ್ಲಿ, ನಡುವ ಯಾರೂ ಬರಬಾರದು. ಊರೇ ಒಬ್ಬರ ಕುತ್ತಿಗಿ ಮ್ಯಾಲ ಕಾಲಿಟ್ರ ಮ್ಯಾಲಿನವ್ರು ಬರ್ಲೇಬೇಕು. ಮ್ಯಾಲಿನವ್ರು ಇರೋದೇ ಅದಕ್ಕ.”

ನಮ್ಮ ಓಣಿಗೂ ಪೈಪು ಬಂತು; ಅದಕ್ಕೆ ತೋಡಿದ ಕಾಲುವೆಯ ಅರ್ಧ ನಾನೇ ಅಗೆದೆ. ನೀರು ಬಂದ ದಿನ ಅವರು ನನ್ನನ್ನು ಕರೆದು, ಬೀದರಿನಲ್ಲಿ ಮೋಟರ್ ವೈಂಡಿಂಗ್ ಕಲಿ ಎಂದರು. “ಊರ ಮೋಟರ್ ಸುಟ್ಟಾಗೆಲ್ಲ ಬೀದರದವ್ರ ಕಾಲ ಹಿಡೀಬೇಕೇನು? ನಮ್ಮವ ಒಬ್ಬ ಕಲಿಬೇಕು.” ನಾಲ್ಕು ಅಕ್ಷರ ಕಲಿತವನಿಗೆ ಅದು ಬರುತ್ತದೋ ಇಲ್ಲವೋ ಎಂದೆ. “ತಂತಿಗಿ ಅಕ್ಷರ ಓದ್ಲಾಕ ಬರ್ತದೇನು?” ಎಂದರು. ನಾನು ಹೋದೆ. ಬೀದರಿನ ಮಗ್ಗುಲಿನ ಕೊಳಾರದಲ್ಲಿ ಒಬ್ಬರ ಕೈಕೆಳಗೆ ಕಲಿತೆ, ವರ್ಷಗಳ ಮೇಲೆ ಅಲ್ಲೇ ನನ್ನದೇ ಒಂದು ಅಂಗಡಿ ಹಾಕಿದೆ. ಕಮಠಾಣದಿಂದ ಔರಾದದ ಗಡಿಯವರೆಗೆ ನಾನು ಬಿಚ್ಚದ ಮೋಟರ್ ಕಡಿಮೆ. ಇದು ಜಂಬದ ಮಾತೇ. ದುಡಿದವನಿಗೆ ಇಷ್ಟಾದರೂ ಜಂಬ ಬೇಡವೇ?

ಆ ಜಂಬವೇ ಅವರಿಗೆ ಮುಳುವಾಯಿತು.

ನಮ್ಮ ಕಸುಬಿನಲ್ಲೊಂದು ರೂಢಿ ಇದೆ. ಕೆಲಸ ಮುಗಿದ ಮೇಲೆ ಪಂಪು ಚಾಲೂ ಮಾಡುವ ಸ್ಟಾರ್ಟರ್ ಡಬ್ಬಿಯ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಹೆಸರು, ತಾರೀಖು ಬರೆಯುತ್ತೇವೆ. ಮುಂದೆ ಕೆಟ್ಟರೆ ಯಾರನ್ನು ಕರೆಯಬೇಕು ಎಂದು ತಿಳಿಯಲಿ ಎಂದು. ನನ್ನ ಅಕ್ಷರ ಶಾಲೆಯಲ್ಲಿ ಚೆನ್ನಾಗಿರಲಿಲ್ಲ, ಡಬ್ಬಿಗಳ ಮೇಲೆ ಬರೆದೂ ಬರೆದೂ ದುಂಡಗಾಗಿತ್ತು.

ಒಂದು ಬೇಸಿಗೆ, ಜಿಲ್ಲೆಯ ದೊಡ್ಡ ಕಚೇರಿಯೊಂದರಿಂದ ಹುಕುಂ ಬಂತು. ಇನ್ನು ಮೇಲೆ ಊರೂರ ಪಂಪುಗಳನ್ನೆಲ್ಲ ಒಬ್ಬನೇ ಗುತ್ತಿಗೆದಾರ ನೋಡಿಕೊಳ್ಳುತ್ತಾನೆ, ಬೇರೆ ಯಾರೂ ಮುಟ್ಟಕೂಡದು. ಅವನ ಜನ ಬಂದು ಡಬ್ಬಿಗಳಿಗೆಲ್ಲ ತಂತಿ ಸುತ್ತಿ ಸೀಸದ ಸೀಲು ಒತ್ತಿ ಹೋದರು. ಹದಿನೈದು ದಿನವೂ ಆಗಿರಲಿಲ್ಲ, ನಮ್ಮೂರ ಪಂಪು ನಿಂತಿತು. ಸಾಹೇಬರು ಬರೆದರು, ಫೋನು ಮಾಡಿದರು, ಔರಾದಕ್ಕೆ ಹೋದರು, ಬೀದರಿಗೆ ಬಂದರು. ಎಲ್ಲ ಕಡೆ “ನಾಳಿ ಬರ್ತಾರ” ಎಂದರು. ಒಂಬತ್ತು ದಿನ ನಾಳೆಯಾಯಿತು.

ಹತ್ತನೆಯ ದಿನ ನನಗೆ ಅವರ ಫೋನು ಬಂತು. “ಮಿಸ್ತ್ರಿ, ಸಾಮಾನು ತಗೊಂಡು ಬಾ.”

ಹೋಗುವಷ್ಟರಲ್ಲಿ ಪಂಪಿನ ಮನೆಯ ಮುಂದೆ ಊರು ನೆರೆದಿತ್ತು. ಸಾಹೇಬರು ಜಮಖಾನೆ ಹಾಸಿ, ಪುಸ್ತಕ ತೆರೆದು ಕೂತಿದ್ದರು. ಡಬ್ಬಿ ತೆರೆಯುವುದಕ್ಕೆ ಊರು ಒಪ್ಪಿದೆ ಎಂದು ಠರಾವು ಬರೆದರು. ಎಲ್ಲ ಓಣಿಯವರೂ ಸಹಿ ಮಾಡಿದರು, ಹೆಬ್ಬೆಟ್ಟು ಒತ್ತಿದರು. ಅಂದು ಜೀಪು ತಂದಿರಿ ಎಂದು ಕೂಗಿದ್ದ ಹಿರಿಯರೂ ಒತ್ತಿದರು. ಆಮೇಲೆ ಸಾಹೇಬರೇ ಇಕ್ಕಳ ತೆಗೆದುಕೊಂಡು ಸೀಲು ಕತ್ತರಿಸಿದರು.

ಒಳಗೆ ಒಂದು ತಂತಿಯ ಕಾಯಿಲ್ ಸುಟ್ಟಿತ್ತು, ಅಷ್ಟೇ. ಅರ್ಧ ಗಂಟೆಯ ಕೆಲಸ. ನೀರು ಮೇಲೆ ಬಂದಾಗ ಹೆಂಗಸರು ಕೂಗಿದರು. ನಾನು ರೂಢಿಯಂತೆ ಬಣ್ಣದ ಡಬ್ಬಿ ತೆಗೆದು, ದುಂಡಗೆ ನನ್ನ ಹೆಸರು, ತಾರೀಖು ಬರೆದೆ. ಬೇಡ ಎಂದು ಯಾರೂ ಹೇಳಲಿಲ್ಲ. ನನಗೂ ಹೊಳೆಯಲಿಲ್ಲ.

ವಾರದ ನಂತರ ಗುತ್ತಿಗೆದಾರನ ಜನ ಬಂದರು. ನೀರು ಸುರಿಯುತ್ತಿತ್ತು, ಸೀಲು ಇರಲಿಲ್ಲ, ಬಾಗಿಲ ಮೇಲೆ ಕೆಂಪಗೆ ನನ್ನ ಹೆಸರಿತ್ತು. ಫೋಟೋ ತೆಗೆದುಕೊಂಡು ಹೋದರು. ಸರ್ಕಾರದ ಸೀಲು ಒಡೆದವನೆಂದು ನನ್ನ ಮೇಲೆ ಕೇಸು ಹಾಕುತ್ತಾರಂತೆ, ನಾಳೆ ಪಂಚನಾಮೆಗೆ ಬರುತ್ತಾರಂತೆ ಎಂದು ಊರಿನಿಂದ ಸುದ್ದಿ ಬಂತು. ಬೆಳಗಿನ ಮೊದಲ ಬಸ್ಸಿಗೆ ಹೋದೆ. ಒಂದು ಬಾಟಲಿ ಥಿನ್ನರು, ಚಿಂದಿ ಬಟ್ಟೆ ಜೊತೆಗೊಯ್ದಿದ್ದೆ. ಅಳಿಸಿಬಿಟ್ಟರಾಯಿತು ಎಂಬುದು ನನ್ನ ಬುದ್ಧಿ.

ಸಾಹೇಬರು ನನಗಿಂತ ಮೊದಲೇ ಬಂದು ಪಂಪಿನ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು.

“ಬಾಟಲಿ ಯಾಕ ತಂದಿ?”

“ಅಳಸ್ತೇನ್ರಿ.”

“ಮಾಡಿದ್ದು ಖರೆ ಅಲ್ಲೇನು?”

“ಖರೆ ಅದರಿ. ಆದ್ರ ಕೇಸು…”

“ಒಂಬತ್ತು ದಿನ ಯಾರ ಹೆಸರೂ ಸಿಗಲಿಲ್ಲ ನಮಗ” ಎಂದರು. “ಯಾರಿಗಿ ಕೇಳ್ಬೇಕು, ಯಾರಿಗಿ ಬೈಬೇಕು, ಗೊತ್ತಾಗಲಿಲ್ಲ. ಇಲ್ಲಿ ಹೆಸರು ಅದ, ತಾರೀಖು ಅದ. ಅದನ್ನೂ ಅಳಿಸಿದ್ರ ಅವರಿಗೂ ನಮಗೂ ಏನ್ ಫರಕ್? ಊರಾಗ ಮಾಡೋದು ಅಂದ್ರ ಊರ ಮುಂದ ನಿಂದ್ರೋದೂ ಅದ ಮಿಸ್ತ್ರಿ. ಬಣ್ಣ ತಂದೀಯೇನು?”

ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಕೊಟ್ಟೆ. ಆ ಕೊಕ್ಕೆ ಬೆರಳಿನಲ್ಲಿ ಕುಂಚ ನಿಲ್ಲಲಿಲ್ಲ, ಮುಷ್ಟಿಯಲ್ಲಿ ಹಿಡಿದರು. ನನ್ನ ಹೆಸರಿನ ಕೆಳಗೆ ಬರೆದರು: “ನನ್ನ ಅಪ್ಪಣೆಯಿಂದ. ಸೆಕ್ರೆಟರಿ.” ಅಕ್ಷರ ಏರಿಳಿದವು, ಬಣ್ಣ ಸೋರಿತು. ಬರೆದಾದ ಮೇಲೆ ಕೈ ಒರೆಸಿಕೊಂಡು, “ನಿನ್ನಷ್ಟು ಚಂದ ಬರಲಿಲ್ಲ ನೋಡು” ಎಂದರು.

ಬಂದ ಅಧಿಕಾರಿ ಎರಡೂ ಸಾಲು ಓದಿದ. ಠರಾವಿನ ಪುಸ್ತಕ ಮುಂದಿಟ್ಟರೆ ತೆರೆಯಲೂ ಇಲ್ಲ. “ಊರಿನವ್ರಿಗಿ ಹುಕುಂ ಮೀರೋ ಅಧಿಕಾರ ಕೊಟ್ಟವ್ರು ಯಾರು?” ಎಂದು ಕೇಳಿದ. “ಬಾಯಾರಿಕಿ ಕೊಟ್ಟದ್ರಿ” ಎಂದರು ಸಾಹೇಬರು. ನನ್ನ ಹೆಸರು ಆ ಕಾಗದಗಳಿಂದ ಬಿಟ್ಟುಹೋಯಿತು. ಅವರನ್ನು ಅಮಾನತು ಮಾಡಿದರು. ಕೆಲವು ತಿಂಗಳ ಮೇಲೆ ತಿರುಗಿ ತೆಗೆದುಕೊಂಡು, ಬೀದರಿನ ಒಂದು ಹಳೆಯ ಕಡತಗಳ ಕೋಣೆಯಲ್ಲಿ ಕೂರಿಸಿದರು. ಅಲ್ಲಿ ಅರ್ಜಿ ಹಿಡಿದು ಯಾರೂ ಬರುತ್ತಿರಲಿಲ್ಲ. ನಾನು ಕೊಳಾರದಿಂದ ಆಗಾಗ ಹೋಗುತ್ತಿದ್ದೆ. ಅಲ್ಲಿಯೂ ಗೋಡೆಗೆ ಮುಖ ಮಾಡಿಯೇ ಉಣ್ಣುತ್ತಿದ್ದರು. ಯಾರ ಅರ್ಜಿಗೆ ಹೆದರಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಊರಿನವರು ಸುಮ್ಮನೆ ಕೂತಿರಲಿಲ್ಲ. ನಮ್ಮ ಸೆಕ್ರೆಟರಿಯನ್ನು ನಮಗೆ ಕೊಡಿ ಎಂದು ಬೆಂಗಳೂರಿಗೆ ಒಂದು ಮನವಿ ಬರೆಸಿ, ಸಹಿ ಹಾಕಿ, ಅವರದೂ ಒಂದು ಸಹಿ ಬೇಕೆಂದು ನನ್ನ ಕೈಯಲ್ಲಿ ಭಾಲ್ಕಿಗೆ ಕಳಿಸಿದರು. ಸಾಹೇಬರು ಓದಿ, ಮಡಚಿ ಇಟ್ಟುಕೊಂಡು, “ಇದು ಬೀದರದಾಗ ಬಗಿಹರಿಯೋ ಮಾತು. ನೋಡೋಣ” ಎಂದರು.

“ಬೀದರದವ್ರೇ ತಪ್ಪು ಮಾಡ್ಯಾರಲ್ರಿ! ನಮ್ಮ ಓಣಿಗಿ ಜೀಪ್ ತರಲಿಲ್ಲೇನು ನೀವು?”

“ಅದು ನಿಮ್ಮವ್ವನ ನೀರಿನ ಮಾತು. ಇದು ನನ್ನ ಖುರ್ಚಿ ಮಾತು.”

ಈ ಮಾತನ್ನು ನಾನು ಇಂದಿಗೂ ಒಪ್ಪಿಲ್ಲ. ಊರಿಗೆಲ್ಲ ಹಾಕಿಕೊಟ್ಟ ಲೆಕ್ಕವನ್ನು ತಮಗೆ ಮಾತ್ರ ಹಾಕಿಕೊಳ್ಳಲಿಲ್ಲ. ಅದು ಅವರ ಜಂಬ. ನನಗೂ ಅದೇ ರೋಗ ಇರುವುದರಿಂದ ಗುರುತು ಹಿಡಿಯುತ್ತೇನೆ. ಇಬ್ಬರು ಜಂಬದವರು ಎದುರುಬದುರು ಕೂತು ಚಹಾ ಕುಡಿದೆವು. ನಾನು ಬಾಯಿಬಿಟ್ಟು ತಪ್ಪಾಯಿತು ಎನ್ನಲಿಲ್ಲ, ಅವರು ಕೇಳಲಿಲ್ಲ.

ನಿವೃತ್ತಿಯಾಗಿ ಎರಡು ಮಳೆಗಾಲ ಬದುಕಿದ್ದರು. ಆಮೇಲಾಮೇಲೆ ನಾನು ಹೋಗುವುದೂ ಕಡಿಮೆಯಾಗಿತ್ತು, ಕೆಲಸ ಎಂದುಕೊಂಡೆ. ಸುದ್ದಿ ತಿಳಿದು ಭಾಲ್ಕಿಗೆ ಹೋಗುವಷ್ಟರಲ್ಲಿ ಮಣ್ಣು ಮಾಡಿ ಐದು ದಿನವಾಗಿತ್ತು. ಕೋಣೆಯ ಬೀಗ ತೆಗೆದ ಮನೆಯೊಡತಿ ಕೇಳಿದಳು: “ನೀವು ಅವರಿಗಿ ಏನಾಗ್ಬೇಕ್ರಿ?”

ತಮ್ಮ ಎನ್ನಲೇ, ಮಗ ಎನ್ನಲೇ? ಯಾವುದೂ ಸುಳ್ಳೇ. “ಅವರ ಊರಿನವ” ಎಂದೆ. ಅದೂ ಪೂರ್ತಿ ಖರೆಯಲ್ಲ.

ಗೋಡೆಗೆ ಮೂರು ಮೊಳೆ ಹೊಡೆದಿದ್ದರು, ಪಂಚಾಯ್ತಿಯಲ್ಲಿ ಇದ್ದಂತೆಯೇ. ಮೇಲಿನದು ಖಾಲಿ, ನಡುವಿನದು ಖಾಲಿ. ಸೊಂಟದ ಎತ್ತರದ ಮೊಳೆಗೆ ಊರಿನ ಮನವಿ ಚುಚ್ಚಿತ್ತು. ಸಹಿಯ ಜಾಗ ಹಾಗೇ ಇತ್ತು.

ಊರ ಪಂಪಿಗೆ ಈಗ ಹೊಸ ಡಬ್ಬಿ ಬಂದಿದೆ. ಹಳೆಯದನ್ನು ಗುಜರಿಗೆ ಹಾಕುವಾಗ ಅದರ ಬಾಗಿಲನ್ನು ನಾನು ಬಿಚ್ಚಿ ತಂದೆ. ಕೊಳಾರದ ಅಂಗಡಿಯಲ್ಲಿ, ನಾನು ಉಣ್ಣಲು ಕೂರುವ ಜಾಗದ ಎದುರಿಗೆ ನಿಲ್ಲಿಸಿದ್ದೇನೆ. ಗಿರಾಕಿಗಳು ಇದು ಮಾರುವುದೇ ಎಂದು ಕೇಳುತ್ತಾರೆ. ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಅದರ ಕಡೆ ಮುಖ ಮಾಡಿ ಕೂರುತ್ತೇನೆ. ಮೇಲೆ ದುಂಡಗೆ ನನ್ನ ಹೆಸರು, ಕೆಳಗೆ ಏರಿಳಿದ ಅವರ ಸಾಲು. ನಾನು ಅವರಿಗೆ ಏನಾಗಬೇಕು ಎಂಬುದಕ್ಕೆ ಬರೆದ ಉತ್ತರ ನನ್ನ ಹತ್ತಿರ ಅದೊಂದೇ ಇದೆ.