ಬಿಟ್ಟರೂ ಹೋಗದ ಅಜ್ಜಿ

ಇಳಕಲ್ ಕಡೆಯಿಂದ ಬಂದು ನನ್ನ ಅಂಗಡಿಯ ಮುಂದೆ ಬಾಚಣಿಗೆ, ಪಿನ್ನು ಮಾರುತ್ತಿದ್ದ ಅಜ್ಜಿ, ಯಾರೇ ಗದರಿಸಿದರೂ ತಲೆ ಓರೆ ಮಾಡಿ, "ಯಾಕಂತ ಹೇಳ್ರಿ" ಎನ್ನುತ್ತಿದ್ದಳು. ಮಂತ್ರಿಗಳು ಊರಿಗೆ ಬಂದ ದಿನ ಪೊಲೀಸರು ಬೀದಿಬದಿಯ ಬಡವರನ್ನೆಲ್ಲ ಜೀಪಿಗೆ ಹತ್ತಿಸಿ ಠಾಣೆಯಲ್ಲಿ ಕೂರಿಸಿದರು. ಸಂಜೆ ನಾನು ಹೋಗುವಷ್ಟರಲ್ಲಿ ಎಲ್ಲರನ್ನೂ ಬಿಟ್ಟಿದ್ದರು. ಅಜ್ಜಿ ಮಾತ್ರ ಬೆಂಚಿನಿಂದ ಎದ್ದಿರಲಿಲ್ಲ.

"ಮಂತ್ರಿ ಹೋದ್ರು. ನೀನೂ ಮನಿಗೆ ಹೋಗಬೇ," ಎಂದ ಪೊಲೀಸ್.

"ಹೋಗ್ತೇನಿ. ನಾ ಏನ್ ತಪ್ಪ ಮಾಡೇನಿ, ಹೇಳ್ರಿ."

"ಏನೂ ಮಾಡಿಲ್ಲ ಬಿಡಬೇ."

"ಮತ್ತ ಹಿಡಕೊಂಡ ಬಂದದ್ದು ಯಾಕ್ರಿ?"

ಅವನು ತಬ್ಬಿಬ್ಬಾಗಿ ನನ್ನ ಕಡೆ ನೋಡಿ, "ನೀವರ ಹೇಳ್ರಿ ಸರ್," ಎಂದ. ಅಜ್ಜಿಯೂ ನನ್ನತ್ತ ತಿರುಗಿದಳು. ಅವಳನ್ನು ಕರೆದೊಯ್ಯಲು ಬಂದಿದ್ದ ನನಗೆ, ಏಳು ಎನ್ನಬೇಕೋ, ಏಳಬೇಡ ಎನ್ನಬೇಕೋ ತಿಳಿಯಲಿಲ್ಲ. ಅದೇ ಬೆಂಚಿನ ಮೇಲೆ ಅವಳ ಪಕ್ಕ ಕುಳಿತುಬಿಟ್ಟೆ.