ಕಾಕುವಿನ ಮನೆಯ ನಾಯಿ

ಹೋದ ವಾರ ಕೋಠಿ ಬಜಾರಿನ ಒಂದು ಗಲ್ಲಿಯಲ್ಲಿ ಬೀಗ ಕೊಳ್ಳಲೆಂದು ನಿಂತಿದ್ದೆ. ಪಕ್ಕದ ಗಿರಾಕಿ ನಾಯಿಗೆ ಕಟ್ಟುವ ಸರಪಳಿ ಕೇಳಿದ. ಅಂಗಡಿಯವನು ಮೊಳೆಗೆ ತೂಗುಹಾಕಿದ್ದ ಒಂದನ್ನು ಎಳೆದು ಕಲ್ಲಿನ ಕಟ್ಟೆಯ ಮೇಲೆ ಸುರುವಿದ. ಆ ಸಪ್ಪಳ ಕಿವಿಗೆ ಬಿದ್ದದ್ದೇ ತಡ, ನಾನು ಹಿಂದೆ ಸರಿದೆ. ಸುತ್ತ ಬಸ್ಸು, ಆಟೋಗಳ ಗದ್ದಲ. ಅದರ ನಡುವೆಯೂ ನನಗೆ ಕೇಳಿಸಿದ್ದು ಎಷ್ಟೋ ವರ್ಷಗಳ ಹಿಂದಿನ, ಇದೇ ಊರಿನ ಕುಷಾಯಿಗೂಡದ ಒಂದು ಮನೆಯ ಬೆಳಗು... ಶಹಾಬಾದಿ ಕಲ್ಲಿನ ನೆಲದ ಮೇಲೆ ಸರಪಳಿ ಎಳೆಯುವ ಸಪ್ಪಳ, ನಡುಬಾಗಿಲ ಆಚೆಯಿಂದ ಕಾಕು ಗದರುವ ದನಿ. "ಸುಮ್ನ ಬಿದ್ಕೋ! ಹೊಸಬರು ಬಂದಾರ, ಅವರನ್ನೇನ್ ತಿಂತಿ?"

ಕಾಕು ನನಗೆ ನೆಂಟರಲ್ಲ, ನಾನು ಬಾಡಿಗೆಗಿದ್ದ ಮನೆಯ ಒಡತಿ. ನಾನು ಸೇಡಂನವಳು, ಅವರು ಭಾಲ್ಕಿ ಕಡೆಯವರು. ಅವರ ಗಂಡ ಕುಷಾಯಿಗೂಡದ ಹತ್ತಿರದ ದೊಡ್ಡ ಸರಕಾರಿ ಕಾರ್ಖಾನೆಯಲ್ಲಿದ್ದು, ನಿವೃತ್ತಿಗೆ ಮೊದಲೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಮನೆಯ ಮುಂಭಾಗದ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಒಂದರಲ್ಲಿ ನೌಕರಿಗೆಂದು ಬಂದ ನಾನು ಕಾಯಂ. ಇನ್ನೊಂದಕ್ಕೆ ತರಬೇತಿ, ಪರೀಕ್ಷೆ, ಆಸ್ಪತ್ರೆ ಎಂದು ನಾಲ್ಕಾರು ದಿನದ ಮಟ್ಟಿಗೆ ಊರಿಗೆ ಬಂದವರು ಬಂದು ಹೋಗುತ್ತಿದ್ದರು. ಮನೆಯ ಹಿಂಭಾಗ ಕಾಕುವಿನದು. ನಡುವೆ ಒಂದೇ ಬಾಗಿಲು, ಅದರ ಚಿಲಕ ಅವರ ಕಡೆಗಿತ್ತು.

ಅಪ್ಪನೊಂದಿಗೆ ಮನೆ ನೋಡಲು ಹೋದ ದಿನ ಕಾಕು ಕುಡಿಯಲು ನೀರು ಕೊಡುವ ಮೊದಲೇ ನಾಯಿಯ ಸುದ್ದಿ ತೆಗೆದರು. "ಮೊದಲ ಹೇಳಿಬಿಡ್ತೀನ್ರಿ, ಮನಿಯಾಗ ನಾಯಿ ಐತಿ. ಭಾಳ ದೊಡ್ಡದು. ಆಮ್ಯಾಲ ಹೇಳಲಿಲ್ಲ ಅನ್ನಬ್ಯಾಡ್ರಿ. ಈ ನಡುಬಾಗಲಾ ಒಂದು ತೆಗೀಬ್ಯಾಡ್ರಿ, ಅಷ್ಟ."

ನನ್ನ ಜೀವ ಅಲ್ಲೇ ಅರ್ಧ ಹೋಯಿತು. ಚಿಕ್ಕವಳಿದ್ದಾಗ ನಮ್ಮ ಓಣಿಯ ನಾಯಿ ಮೀನಖಂಡಕ್ಕೆ ಬಾಯಿ ಹಾಕಿತ್ತು. ಅದರ ಗುರುತು ಈಗಲೂ ಇದೆ. ಬೇಡ ಎಂದು ಅಪ್ಪನಿಗೆ ಸನ್ನೆ ಮಾಡಿದೆ. ಅಪ್ಪ ಮಾತ್ರ ಕಾಕುವಿನ ಮಾತಿಗೆ ಮೆಚ್ಚಿ ತಲೆದೂಗಿದರು. "ಖುಲ್ಲಾ ಮಾತಾಡ್ತಾರ. ಛಲೋ ಮಂದಿ. ಇಂಥವರು ಸುಳ್ಳ ಹೇಳಂಗಿಲ್ಲ," ಎಂದು ಅಂದೇ ನನ್ನ ಟ್ರಂಕು ಇಳಿಸಿ ಊರಿಗೆ ಹೋದರು.

ನನಗೆ ಅನುಮಾನ ಹುಟ್ಟುಗುಣ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎಂದುಕೊಳ್ಳುವವಳು ನಾನು. ಮೊದಲ ತಿಂಗಳು ನಾಯಿಗೆ ಹೆದರಿ ಕಳೆದೆ. ಎರಡನೆಯ ತಿಂಗಳು ಹೆದರಿಕೆಯ ಜಾಗದಲ್ಲಿ ಅನುಮಾನ ಬಂದು ಕುಳಿತಿತು. ಮನೆ ಬಾಡಿಗೆಗೆ ಕೊಡುವವರು ಸೋರುವ ಮೂಲೆಗೆ ಕಪಾಟು ನಿಲ್ಲಿಸುತ್ತಾರೆ, ನಲ್ಲಿ ಬಾರದ ದಿನಗಳ ಬಗ್ಗೆ ಬಾಯಿ ಬಿಡುವುದಿಲ್ಲ. ನಾಯಿ ಸಾಕಿದವರಂತೂ ಬಂದ ಗಿರಾಕಿ ಓಡಿಹೋದಾನೆಂದು ಅದನ್ನು ಮಾಳಿಗೆಗೆ ಅಟ್ಟಿ ಬಾಗಿಲು ಹಾಕುತ್ತಾರೆ. ಕಾಕು ಮಾತ್ರ ಕೇಳದವರಿಗೂ ಹೇಳುತ್ತಿದ್ದರು. ಕನ್ನಡದವರಿಗೆ ಕನ್ನಡದಲ್ಲಿ, ಉಳಿದವರಿಗೆ ತೆಲುಗು, ಹಿಂದಿಯಲ್ಲಿ, ಬಂದವರ ಚೀಲ ಹೊಸ್ತಿಲು ದಾಟುವ ಮೊದಲೇ. ಇಷ್ಟು ಪ್ರಾಮಾಣಿಕತೆ ನನಗೆ ಸರಿಬರಲಿಲ್ಲ.

ಅಷ್ಟು ದೊಡ್ಡ ನಾಯಿ ಹಾಲಿನವನಿಗೆ ಬೊಗಳಲಿಲ್ಲ, ಕಸದ ಗಾಡಿಗೆ ಬೊಗಳಲಿಲ್ಲ. ಕಾಕುವಿನ ಸೀರೆಗೆ ಒಂದು ಕೂದಲು ಅಂಟಿರಲಿಲ್ಲ. ಮಳೆಗಾಲ ಬಂದರೂ ನಾಯಿಯ ವಾಸನೆಯಿಲ್ಲ. ದಿನಾ ಬೆಳಗ್ಗೆ ಸರಪಳಿಯ ಸಪ್ಪಳ ಮಾತ್ರ ತಪ್ಪುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಕೇಳಿದೆ, "ಕಾಕು, ನಿಮ್ಮ ನಾಯಿ ಬೊಗಳೋದ ಇಲ್ಲಲ್ರಿ?"

"ವಯಸ್ಸಾತವ್ವ ಅದಕ್ಕ. ಸುಮ್ ಸುಮ್ಕ ಬೊಗಳಂಗಿಲ್ಲ."

"ಹೆಸರೇನಿಟ್ಟೀರಿ?"

"ಹೆಸರು ತಗೀಬ್ಯಾಡ, ಎದ್ದು ಬಂದುಬಿಡ್ತೈತಿ," ಎಂದು ಗಡಬಡಿಸಿ ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ರೊಟ್ಟಿಯ ವಿಷಯ ಇನ್ನೂ ವಿಚಿತ್ರವಾಗಿತ್ತು. ಕಾಕು ಜೋಳದ ರೊಟ್ಟಿ ಬಡಿಯುವ ಸಪ್ಪಳ ನಡುಬಾಗಿಲ ಈಚೆಗೂ ಕೇಳುತ್ತಿತ್ತು. ಬಡಿದು ಮುಗಿದ ಮೇಲೆ ಮೊದಲ ರೊಟ್ಟಿಯನ್ನು ತಾಟಿನಲ್ಲಿಟ್ಟುಕೊಂಡು ಹಿತ್ತಲ ಕಡೆ ಹೋಗುವುದು ನನ್ನ ಕೋಣೆಯ ಮಗ್ಗುಲ ಕಿಟಕಿಯಿಂದ ಕಾಣುತ್ತಿತ್ತು. ದಿನವೂ ಒಂದು ರೊಟ್ಟಿ. ಆದರೆ ಪಕ್ಕದ ಕೋಣೆಗೆ ಹೊಸಬರು ಬಂದ ದಿನ ಮಾತ್ರ ತಾಟಿನಲ್ಲಿ ಎರಡು. ಇದೆಂಥ ನಾಯಿ, ಹೊಸಬರ ಮುಖ ನೋಡಿ ಹಸಿವು ಹೆಚ್ಚಿಸಿಕೊಳ್ಳುವುದು? ನಾಯಿಯಲ್ಲ, ಯಾರೋ ಮನುಷ್ಯರೇ ಒಳಗಿದ್ದಾರೆ ಎಂದು ನನಗೆ ಖಾತ್ರಿಯಾಗತೊಡಗಿತು. ತಲೆ ಕೆಟ್ಟ ಮೈದುನನೋ, ಯಾರಿಗೂ ತೋರಿಸಲಾಗದ ನೆಂಟನೋ... ಹಾಗಿದ್ದರೆ ಆ ಸರಪಳಿ ಯಾರ ಕಾಲಿಗೆ? ಆಮೇಲಾಮೇಲೆ ಅವರು ಕೊಟ್ಟ ಉಪ್ಪಿನಕಾಯಿಯನ್ನೂ ಮೂಸಿ ನೋಡಿಯೇ ತಿನ್ನುತ್ತಿದ್ದೆ.

ಹೀಗಿರುವಾಗ ಪಕ್ಕದ ಕೋಣೆಗೆ ಒಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಮಾತಿಗೆ ಮುಂಚೆ ನಗು. ಯಾವುದೋ ತರಬೇತಿಗೆ ಬಂದೆನೆಂದ. ಕಾಕು ನಾಯಿಯ ಮಾತು ಹೇಳಿದಾಗ ಉಳಿದವರಂತೆ ಅತ್ತಿತ್ತ ನೋಡಲಿಲ್ಲ, "ನನಗೆ ನಾಯಿ ಅಂದರೆ ಇಷ್ಟ, ಒಮ್ಮೆ ತೋರಿಸಿ" ಎಂದು ಹಿಂದಿಯಲ್ಲಿ ಕೇಳಿದ. ಕಾಕುವಿನ ಮುಖ ಬಿಳಿಚಿಕೊಂಡದ್ದನ್ನು ನಾನು ಕಂಡೆ. ತರಬೇತಿಗೆ ಬಂದವನು ದಿನದ ಹೆಚ್ಚು ಹೊತ್ತು ಮನೆಯಲ್ಲೇ ಇರುತ್ತಿದ್ದ. ನಾನು ಎಷ್ಟು ಹೊತ್ತಿಗೆ ಕೆಲಸಕ್ಕೆ ಹೋಗುತ್ತೇನೆ, ಕಾಕುವಿನ ಹತ್ತಿರ ಯಾರು ಬಂದು ಹೋಗುತ್ತಾರೆ, ಹಿತ್ತಲ ಗೋಡೆಯ ಆಚೆ ಏನಿದೆ, ಎಲ್ಲವನ್ನೂ ನಗುನಗುತ್ತಲೇ ಕೇಳುತ್ತಿದ್ದ. ಮನೆಯಲ್ಲಿ ಅನುಮಾನಿಸುವವಳು ನಾನೊಬ್ಬಳೇ ಸಾಕಿತ್ತು. ಇವನೂ ನಾಯಿಯ ಬೆನ್ನು ಹತ್ತಿದ್ದು ಕಂಡು ನನಗೆ ಮೊದಲ ಸಲ ಕಸಿವಿಸಿಯಾಯಿತು.

ಒಂದು ಬೆಳಗ್ಗೆ ಸರಪಳಿಯ ಸಪ್ಪಳ ಕೇಳಲಿಲ್ಲ. ರೊಟ್ಟಿಯ ಸಪ್ಪಳವೂ ಇಲ್ಲ. ನಡುಬಾಗಿಲು ಬಡಿದೆ, ಉತ್ತರವಿಲ್ಲ. ನಾಯಿಯೋ, ನೆಂಟನೋ, ಒಳಗಿರುವ ಯಾವುದೋ ಒಂದು ಕಾಕುವಿಗೆ ಏನೋ ಮಾಡಿದೆ ಎಂದೇ ನನಗೆ ಅನಿಸಿತು. ಕೈಯಲ್ಲೊಂದು ಪೊರಕೆ ಹಿಡಿದು ಹಿಂದಿನ ಓಣಿಯಿಂದ ಸುತ್ತು ಹಾಕಿ ಹೋದೆ. ಹಿತ್ತಲ ಬಾಗಿಲು ದೂಡಿದರೆ ತೆರೆಯಿತು. ಅಡುಗೆಮನೆ ದಾಟಿ ಒಳಗೆ ಕಾಲಿಟ್ಟೆ. ಕಾಕು ಜ್ವರದಲ್ಲಿ ಮಂಚದ ಮೇಲೆ ಮಲಗಿದ್ದರು. ಕಾಲ್ದೆಸೆಯ ಗೋಡೆಯ ಮೊಳೆಯಲ್ಲಿ ಸರಪಳಿ ತೂಗುತ್ತಿತ್ತು. ಅದರ ತುದಿಯ ಕೊರಳಪಟ್ಟಿ ಖಾಲಿ.

ನನ್ನ ಕೈಯ ಪೊರಕೆ ನೋಡಿ ಆ ಜ್ವರದಲ್ಲೂ ಕಾಕು ನಕ್ಕರು. "ಯಾರಿಗವ್ವ ಅದು? ನಾಯಿಗೇನು? ಇಲ್ಲಲ್ಲ ಮಗಳ... ಇತ್ತು. ನಮ್ಮನಿಯವರು ತೀರಿಕೊಂಡ ವರ್ಷನ ಅದೂ ಹೋತು."

ನಾನು ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕುಳಿತೆ. ಅವರು ನಿಲ್ಲಿಸಿ ನಿಲ್ಲಿಸಿ ಹೇಳಿದರು. ನಾಯಿ ಸತ್ತ ಮೇಲೆ ಕೋಣೆ ಕೇಳಲು ಒಬ್ಬ ಬಂದನಂತೆ. ರೂಢಿಯ ಮೇಲೆ ಬಾಯಿಗೆ ಅದೇ ಮಾತು ಬಂದುಬಿಟ್ಟಿತು, ಮನೆಯಲ್ಲಿ ನಾಯಿ ಇದೆ ಎಂದು. "ಆವತ್ತು ನನಗ ನೆಟ್ಟಗ ನಿದ್ದಿ ಬಂತು ನೋಡು. ಅಲ್ಲೀತನಕ ಮುಂದಿನ ಕೋಣ್ಯಾಗ ಯಾರರ ಕೆಮ್ಮಿದ್ರೂ ಎದ್ದು ಕೂಡ್ತಿದ್ದೆ. ಗುರುತಿಲ್ಲದವರನ್ನ ಮನಿಯಾಗ ಇಟ್ಕೊಂಡು ಒಬ್ಬಾಕಿ ಹೆಂಗ ಇರಬೇಕು, ಹೇಳು? ಮತ್ತ ಅವರನ್ನ ಇಟ್ಕೊಳ್ಳಲಿಲ್ಲಂದ್ರ ಉಣ್ಣೋದೇನು?"

"ಮತ್ತ ರೊಟ್ಟಿ?" ಎಂದೆ. ನನಗೆ ಅದನ್ನು ಕೇಳದೆ ಇರಲಾಗಲಿಲ್ಲ.

ಕಾಕು ಗೋಡೆಯಲ್ಲಿದ್ದ ದೇವರ ಮಾಡದ ಕಡೆ ಕೈ ತೋರಿಸಿದರು. ಕುದುರೆಯೇರಿದ ಮೈಲಾರಲಿಂಗನ ಬೆಳ್ಳಿಯ ತಗಡು, ಕುದುರೆಯ ಕಾಲ ಬಳಿ ಪುಟ್ಟ ನಾಯಿ. ಅವರ ಮನೆದೇವರು. ಆ ಒಕ್ಕಲಿನವರಿಗೆ ನಾಯಿ ಎಂದರೆ ದೇವರ ಬಳಗ. ದಿನದ ಮೊದಲ ರೊಟ್ಟಿ ನಾಯಿಗೆ ಹಾಕದೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. "ದಿನದ ರೊಟ್ಟಿ ದೇವರ ಪಾಲು. ಹಿಂದಿನ ಓಣ್ಯಾಗಿನ ನಾಯಿಗೆ ಹಾಕಿ ಬರ್ತೀನಿ. ಆದ್ರ ನಾನು ಅದರ ಹೆಸರಿನ ಮ್ಯಾಲ ಸುಳ್ಳ ಹೇಳಾಕತ್ತೀನಲ್ಲ... ಮೈಲಾರ ಮಲ್ಲಯ್ಯ ಸುಮ್ನ ಬಿಟ್ಟಾನೇನು? ಅದಕ್ಕ ಹೇಳಿದ ದಿನಾ ಇನ್ನೊಂದು ರೊಟ್ಟಿ ತಪ್ಪುಗಾಣಿಕಿ." ಎರಡು ರೊಟ್ಟಿಯ ಒಗಟು ಇಷ್ಟೇ ಆಗಿತ್ತು. ನನಗೆ ನಗು ಬಂತು, ಹಣೆಯ ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿ ಹಿಂಡಿದೆ.

ಅವತ್ತು ಕೆಲಸಕ್ಕೆ ಹೋಗಲಿಲ್ಲ. ಸಂಜೆ ಔಷಧಿ ತರಲು ಹೊರಟಾಗ ಪಕ್ಕದ ಕೋಣೆಯವನು ಅಂಗಳದಲ್ಲೇ ನಿಂತಿದ್ದ. "ಕುತ್ತಾ ಆಜ್ ಖಾಮೋಶ್ ಹೈ, ಮೇಡಂ," ಎಂದ ನಗುತ್ತಾ. ನಾಯಿ ಇವತ್ತು ಮಾತೇ ಆಡಲಿಲ್ಲವಲ್ಲ, ಇದೆಯೋ ಇಲ್ಲ ಬರೀ ಹೆಸರಿಗೋ, ನೀವು ಯಾವತ್ತಾದರೂ ಕಣ್ಣಾರೆ ಕಂಡಿದ್ದೀರೋ ಎಂದು ಕೇಳಿದ. ಕೇಳುವಾಗ ಅವನ ಕಣ್ಣು ನನ್ನ ಮೇಲಿರಲಿಲ್ಲ, ನಡುಬಾಗಿಲ ಮೇಲಿತ್ತು.

ಇಷ್ಟು ದಿನ ನಾನೂ ಇದನ್ನೇ ಕೇಳಿಕೊಂಡು ತಿರುಗಿದವಳು. ಈಗ ಆ ಬಾಗಿಲ ಹಿಂದೆ ಏಳಲಾರದ ಒಬ್ಬ ಹೆಂಗಸು, ಗೋಡೆಯ ಮೇಲೊಂದು ಖಾಲಿ ಕೊರಳಪಟ್ಟಿ. ಏನು ಹೇಳಲಿ ಎಂದು ಯೋಚಿಸುವ ಮೊದಲೇ ನನ್ನ ಕೈ ಸಲ್ವಾರಿನ ಅಂಚನ್ನು ಮೇಲೆತ್ತಿತ್ತು. ಮೀನಖಂಡದ ಹಳೆಯ ಗುರುತು ತೋರಿಸಿದೆ. "ಕಂಡಿದ್ದೇನೆ. ನೋಡಿ, ಇದು ಅದರದ್ದೇ. ಕಾಕುವಿಗೆ ಹುಷಾರಿಲ್ಲ, ಅದಕ್ಕೇ ಇವತ್ತು ಕಟ್ಟಿಲ್ಲ. ನಿಮಗೆ ನಾಯಿ ಇಷ್ಟ ಅಂದಿರಲ್ಲ, ಬಾಗಿಲು ತೆಗೆಯಲೇ?" ಎಂದೆ ಹಿಂದಿಯಲ್ಲಿ. ಅವನ ನಗು ಅಲ್ಲೇ ನಿಂತಿತು.

ಮರುದಿನ ಬೆಳಗ್ಗೆ ಸರಪಳಿ ಎಳೆದವಳು ನಾನು. ನಡುಬಾಗಿಲಿನಿಂದ ಅಡುಗೆಮನೆಯವರೆಗೆ, ಮತ್ತೆ ವಾಪಸು. "ಸುಮ್ನ ಬಿದ್ಕೋ!" ಎಂದು ಕಾಕುವಿನ ಧಾಟಿಯಲ್ಲೇ ಗದರಿದೆ. ಕಾಕು ಮಂಚದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಅವನು ಚಹಾ ಕೂಡ ಕುಡಿಯದೆ, ತರಬೇತಿಯ ಜಾಗಕ್ಕೆ ಹತ್ತಿರದ ಕೋಣೆ ಸಿಕ್ಕಿತೆಂದು ಹೇಳಿ ಚೀಲ ಎತ್ತಿಕೊಂಡು ಹೋದ. ಅವನು ನಿಜವಾಗಿ ಕೆಟ್ಟವನೋ, ಹೆಚ್ಚು ಪ್ರಶ್ನೆ ಕೇಳುವ ಚಾಳಿಯವನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಲಿಲ್ಲ ಎಂಬ ಬೇಸರವೂ ಇಲ್ಲ.

ಕಾಕು ಎದ್ದು ಓಡಾಡುವಂತಾದ ದಿನ ರೊಟ್ಟಿ ಬಡಿದು ನನ್ನನ್ನು ಕರೆದರು. ಅವತ್ತು ನಡುಬಾಗಿಲ ಚಿಲಕ ಹಾಕಿರಲಿಲ್ಲ. ದೇವರ ಪಾಲಿನದರ ಪಕ್ಕದಲ್ಲಿ ಇನ್ನೆರಡು ರೊಟ್ಟಿಗಳಿದ್ದವು. "ಇದು ನಂದು. ಅವ ಬಂದ ದಿನದ್ದು ಬಾಕಿ ಉಳದೈತಿ ಅನ್ನಿಸ್ತು, ಇರಲಿ ಅಂತ ಮತ್ತೊಂದು ಮಾಡೀನಿ. ಇದು ನಿಂದು. ನೀನೂ ಸುಳ್ಳ ಹೇಳೀಯಲ್ಲ, ನಡಿ." ಹಿಂದಿನ ಓಣಿಯಲ್ಲಿ ಕಿವಿ ಹರಿದ ಕಂದು ನಾಯಿಯೊಂದು ಬಾಲ ಆಡಿಸುತ್ತಾ ಬಂತು. ನಾನು ಹಿಂದೆ ಸರಿದೆ. ಕಾಕು ನನ್ನ ಮಣಿಕಟ್ಟು ಹಿಡಿದು, ರೊಟ್ಟಿ ಹಾಕುವವರೆಗೂ ಬಿಡಲಿಲ್ಲ.

ನೌಕರಿ ಬದಲಾಗಿ ನಾನು ಊರಿನ ಇನ್ನೊಂದು ತುದಿಗೆ ಬಂದೆ. ಮೊದಮೊದಲು ಹೋಗಿ ಬರುತ್ತಿದ್ದೆ, ಆಮೇಲೆ ಹಬ್ಬಕ್ಕೊಂದು ಫೋನು, ಆಮೇಲೆ ಅದೂ... ಒಮ್ಮೆ ಆ ಕಡೆ ಕೆಲಸವಿದ್ದು ಹೋದರೆ ಮನೆಯ ಜಾಗದಲ್ಲಿ ಅಪಾರ್ಟ್‌ಮೆಂಟಿನ ಕಂಬಗಳೆದ್ದಿದ್ದವು. ಎದುರುಮನೆಯಾಕೆ ಗುರುತು ಹಿಡಿದು ಕೂರಿಸಿದಳು. ಕಾಕು ಹೋದದ್ದು ನಿದ್ದೆಯಲ್ಲೇ ಅಂತೆ, ಯಾರಿಗೂ ತೊಂದರೆ ಕೊಡಲಿಲ್ಲವಂತೆ. ಹೇಳುತ್ತಾ ಹೇಳುತ್ತಾ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆಮೆ ಪೋಯಾಕ ಆ ಕುಕ್ಕ ಕೂಡಾ ಕನಪಡಲೇದಮ್ಮಾ." ಅವರು ಹೋದ ಮೇಲೆ ಆ ನಾಯಿಯೂ ಕಾಣಲಿಲ್ಲ, ಪಾಪ, ಕೊರಗಿ ಎಲ್ಲಿ ಹೋಯಿತೋ ಎಂದಳು. ಎದುರುಮನೆಯವಳಿಗೂ ಕಾಕು ಸತ್ಯ ಹೇಳಿರಲಿಲ್ಲ. ಇಡೀ ಓಣಿಯಲ್ಲಿ ನನಗೊಬ್ಬಳಿಗೇ ಹೇಳಿದ್ದರು. ಅಲ್ಲಿಯವರೆಗೆ ತಡೆದುಕೊಂಡಿದ್ದ ನಾನು ಇಲ್ಲದ ಆ ನಾಯಿಯ ನೆಪದಲ್ಲಿ ಬಿಕ್ಕಿಬಿಕ್ಕಿ ಅತ್ತೆ.

ಈಗ ಮಿಯಾಪುರದ ಈ ಮನೆಯಲ್ಲಿ ನಾನೊಬ್ಬಳೇ. ಮದುವೆ ನನಗೆ ಒಗ್ಗಲಿಲ್ಲ, ಅನುಮಾನದ ಹೆಣ್ಣಿಗೆ ಯಾರು ತಾನೇ ಒಗ್ಗುತ್ತಾರೆ. ಹೊರಗಿನಿಂದ ಬಾಗಿಲಿರುವ ಒಂದು ಕೋಣೆಯನ್ನು ನಾಲ್ಕಾರು ದಿನಕ್ಕೆ ಬಂದು ಹೋಗುವವರಿಗೆ ಕೊಡುವುದೆಂದು ತೀರ್ಮಾನಿಸಿದ್ದೆ. ಮೊಬೈಲಿನ ಬಾಡಿಗೆ ಆ್ಯಪಿನಲ್ಲಿ ಕೋಣೆಯ ವಿವರ ಹಾಕುವಾಗ ಮನೆಯಲ್ಲಿ ಸಾಕುಪ್ರಾಣಿ ಇದೆಯೇ ಎಂದು ಕೇಳಿತು. ಇಲ್ಲ ಎಂದು ಒತ್ತಿದ್ದೆ. ಕೋಠಿಯಿಂದ ಬೀಗದ ಜೊತೆಗೆ ಸರಪಳಿಯನ್ನೂ ತಂದ ದಿನ ಆ 'ಇಲ್ಲ'ವನ್ನು ತೆಗೆದು, ಇದೆ ಎಂದು ಒತ್ತಿದೆ.

ನಿನ್ನೆ ಮೊದಲ ಅತಿಥಿ ಬಂದ. ಒಳ್ಳೆಯವನಂತೆ ಕಾಣುತ್ತಾನೆ, ನಗು ಸ್ವಲ್ಪ ಹೆಚ್ಚು. ಚೀಲ ಇಳಿಸುವ ಮೊದಲೇ ಹೇಳಿದೆ, ಮನೆಯಲ್ಲಿ ನಾಯಿ ಇದೆ, ಬಹಳ ದೊಡ್ಡದು, ನಡುಬಾಗಿಲು ಮಾತ್ರ ತೆಗೆಯಬೇಡಿ. ಹೇಳಿ ಒಳಗೆ ಬಂದು ಚಿಲಕ ಹಾಕಿಕೊಂಡವಳು, ಎಷ್ಟೋ ಕಾಲದ ಮೇಲೆ ಜೋಳದ ಹಿಟ್ಟು ಕಲಸಿದೆ. ನನ್ನ ರೊಟ್ಟಿ ಕಾಕುವಿನದರಷ್ಟು ದುಂಡಗೆ ಬರುವುದಿಲ್ಲ. ದೇವರ ಪಾಲಿಗೊಂದು, ನನ್ನ ತಪ್ಪಿಗೊಂದು. ಕಾಕುವಿನೊಂದಿಗೆ ಹೋದ ದಿನದ ಹಾಗೆ, ಕೈ ಸುಮ್ಮನಿರದೆ ಮೂರನೆಯದನ್ನೂ ಬಡಿಯಿತು. ಅದು ಯಾರ ಪಾಲಿನದು ಎಂದು ಕೇಳಿ, ಮಣಿಕಟ್ಟು ಹಿಡಿದು ಗೇಟಿನವರೆಗೆ ಕರೆದುಕೊಂಡು ಹೋಗಲು ಕಾಕು ಇರಲಿಲ್ಲ. ತಾಟು ಹಿಡಿದು, ಹೆದರುತ್ತಲೇ, ಗೇಟಿನಾಚೆಯ ಬೀದಿನಾಯಿಯ ಹತ್ತಿರ ನಾನೊಬ್ಬಳೇ ಹೋದೆ.