ಅಕ್ಕನ ಮೂರು ಮೊಳ

ಶಾಸನಗಳ ಕಾಲನಿರ್ಣಯದಲ್ಲೇ ಉದ್ಯೋಗದ ವರ್ಷಗಳನ್ನೆಲ್ಲ ಕಳೆದು ನಿವೃತ್ತನಾದವನಿಗೆ ಮಿನಿ ಟ್ರಾಕ್ಟರಿನ ಹಿಂದೆ ಕಟ್ಟುವ ಸಲಕರಣೆಗಳ ಬಗ್ಗೆ ಏನು ಗೊತ್ತಿದ್ದೀತು ಎಂಬ ಪ್ರಶ್ನೆ ಅಕ್ಕನಿಗೆ ಹೊಳೆಯಲೇ ಇಲ್ಲ. ಅಕ್ಕಿಹೆಬ್ಬಾಳಿನಿಂದ ಅವಳ ಫೋನು ಬಂದಾಗ ನಾನು ಶ್ರೀರಂಗಪಟ್ಟಣದ ಮನೆಯಲ್ಲಿ ಹಳೆಯ ಟಿಪ್ಪಣಿಗಳನ್ನು ಕಟ್ಟು ಕಟ್ಟಿ ಅಟ್ಟಕ್ಕೆ ಏರಿಸುತ್ತಿದ್ದೆ.

“ಗಾಡಿ ಬಂದೈತೆ ಕಣಪ್ಪ. ಇಂದ್ಕೆ ಕಟ್ಟೋದು ಏನ್ ತಗೋಬೇಕು ಅಂತ ನೀನೇ ನೋಡಿ ಏಳ್ಬುಡು. ನಿಮ್ಮ ಭಾವ ಅಂಗಡಿಯೋನು ತೋರ್ಸಿದ್ದಕ್ಕೆಲ್ಲ ಊಂ ಅಂತಾರೆ.”

ಭಾವನ ಮಂಡಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಎತ್ತುಗಳನ್ನು ಕೊಟ್ಟುಬಿಟ್ಟಿದ್ದರು. ಎರಡೆಕರೆ ಕಬ್ಬಿನ ಸಾಲುಗಳ ನಡುವೆ ಕಳೆ ಎದ್ದಿತ್ತು. ಕೀಳಲು ಆಳು ಸಿಗುತ್ತಿರಲಿಲ್ಲ. ಹೇಮಾವತಿಯ ದಂಡೆಯ ಆ ಗದ್ದೆಯಲ್ಲಿ ಈ ವರ್ಷ ಅವರಿಗಿದ್ದದ್ದು ಆ ಕಬ್ಬೊಂದೇ. ಕಬ್ಬು ಮರಿ ಒಡೆಯುವ ಹೊತ್ತಿನಲ್ಲಿ ಮಣ್ಣನ್ನು ಪುಡಿಮಾಡುವ ರೋಟಾವೇಟರು ಸಾಲಿನ ನಡುವೆ ಹಾದರೆ ಕಳೆ ಸಾಯುತ್ತದೆ. ಅದರ ಅಗಲ ಸಾಲಿನ ಅಂತರಕ್ಕಿಂತ ತುಸು ಹೆಚ್ಚಾದರೂ ಕಬ್ಬಿನ ಬುಡವೇ ಮರಿಗಳ ಸಮೇತ ಕಿತ್ತುಬರುತ್ತದೆ. ಇದನ್ನು ತಿಳಿದುಕೊಂಡ ದಿನದಿಂದ ನನಗೆ ಸರಿಯಾಗಿ ಊಟ ಸೇರಲಿಲ್ಲ.

“ಸಾಲಿಂದ ಸಾಲಿಗೆ ಎಷ್ಟಿದೆ ಅಕ್ಕ?” ಎಂದು ಕೇಳಿದೆ.

“ಮೂರು ಮೊಳ. ನಾನೇ ಅಳ್ದು ನೆಡ್ಸಿದ್ದು.”

ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ: ಮೊಳಕ್ಕೆ ಹದಿನೆಂಟು ಇಂಚು, ಮೂರು ಮೊಳಕ್ಕೆ ಐವತ್ತನಾಲ್ಕು, ಅಂದರೆ ನಾಲ್ಕೂವರೆ ಅಡಿ. ಕೆಳಗೆ ಎರಡು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋದೆ.

ಆ ಮುಂದಿನ ಪ್ರಶ್ನೆ, ನಾಟಿಯ ದಿನಾಂಕ. ಕಬ್ಬಿನ ವಯಸ್ಸು ತಿಳಿಯದೆ ಯಂತ್ರವನ್ನು ಯಾವಾಗ ಇಳಿಸಬೇಕೆಂದು ನಿರ್ಧರಿಸುವಂತಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಎಂದು ಅಕ್ಕ, ಸಂಕ್ರಾಂತಿಗೆ ಮುಂಚೆ ಎಂದು ಭಾವ. ನಾನು ಪಂಚಾಂಗ ನೋಡಿದೆ. ಅಕ್ಕನ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ನಡುವೆ ಅವಳು ಹಾಕಿದ್ದ ಗುರುತಿನ ಚಿತ್ರ ತರಿಸಿಕೊಂಡೆ. ಬಿತ್ತನೆಯ ಕಬ್ಬು ತಂದ ಗಾಡಿಯ ಎದುರು ಭಾವ ನಿಂತಿದ್ದ ಫೋಟೋ ಅವರ ಫೋನಿನಲ್ಲಿತ್ತು. ಅದರ ದಿನಾಂಕವನ್ನೂ ಪರಿಶೀಲಿಸಿದೆ. ಮೂರು ಆಧಾರಗಳೂ ಒಂದೇ ದಿನಕ್ಕೆ ಬಂದು ನಿಂತವು: ಹಬ್ಬದ ಮರುದಿನ. ಅಂದು ನನಗಾದ ಸಮಾಧಾನವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ದಿನಾಂಕಕ್ಕೆ ಮೂರು ಸಾಕ್ಷಿ ಕೇಳಿದವನು ಮೊಳಕ್ಕೆ ಒಂದನ್ನೂ ಕೇಳಿರಲಿಲ್ಲ.

ಅಕ್ಕನದಂಥದೇ ಮಿನಿ ಟ್ರಾಕ್ಟರು ಇಟ್ಟುಕೊಂಡಿದ್ದ ನಾಗಮಂಗಲದ ಕಡೆಯ ರೈತರೊಬ್ಬರನ್ನು ಹುಡುಕಿಕೊಂಡು ಹೋದೆ. ಅವರು ನೇಗಿಲಿನಂತೆ ಉಳುವ, ಐದು ಗುಳದ ಕಲ್ಟಿವೇಟರನ್ನು ತೋರಿಸಿ, ನಾನು ಬರೆದುಕೊಳ್ಳತೊಡಗಿದೊಡನೆ ಕೈ ಅಡ್ಡ ಹಿಡಿದರು.

“ಇದ್ನ ಬರ್ಕೋಬ್ಯಾಡಿ ಸ್ವಾಮಿ. ನಮ್ದು ಕೆಂಪು ಬೂಮಿ, ರಾಗಿ, ಉಳ್ಳಿಕಾಳು. ನಿಮ್ದು ಒಳೆ ದಂಡೆ ಮಣ್ಣು. ನಂದು ನೋಡ್ಕೊಂಡು ನೀವು ತಗೊಂಡ್ರೆ ಆಮ್ಯಾಲೆ ನಿಮ್ಮಕ್ಕ ನನ್ನ ಬೈತಾರೆ.”

ಪಾಂಡವಪುರದ ಅಂಗಡಿಯಲ್ಲಿ ರೋಟಾವೇಟರುಗಳು ಸಾಲಾಗಿ ನಿಂತಿದ್ದವು. ಬಾಗಿದ ಅಲಗುಗಳನ್ನು ನೋಡಿದಾಗಲೆಲ್ಲ ಕಣ್ಣ ಮುಂದೆ ಕಬ್ಬಿನ ಬುಡಗಳು ಬರುತ್ತಿದ್ದವು. ಅಂಗಡಿಯವರು ಸಾಲಿನ ಅಂತರ ಕೇಳಿದರು. ನಾಲ್ಕೂವರೆ ಅಡಿ ಎಂದೆ.

“ಅಂಗಾದ್ರೆ ಮೂರೂವರೆ ಅಡೀದು ತಗೊಳ್ಳಿ ಸಾರ್. ಎರಡು ಕಡೆನೂ ಅರ್ಧರ್ಧ ಅಡಿ ಜಾಗ ಉಳೀತದೆ. ಎರಡೂವರೆ ಅಡೀದು ತಗೊಂಡ್ರೆ ಕಳೆ ಉಳ್ಕೊಂಡು ಮತ್ತೆ ಕುಡ್ಲು ಇಡೀಬೇಕಾಯ್ತದೆ.”

“ಸರಿಹೋಗದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುತ್ತೀರಾ?”

“ಮಣ್ಣು ಮುಟ್ಟೋಗಂಟ ನಮ್ದು ಸಾರ್. ಮುಟ್ಟಿದ್ ಮ್ಯಾಕೆ ನಿಮ್ದು.”

ಮರುದಿನ ಬೆಳಿಗ್ಗೆ ಸಾಗಿಸುವುದೆಂದು ಗೊತ್ತುಮಾಡಿ, ಮನಸ್ಸು ನಿಲ್ಲದೆ ತೊಣ್ಣೂರಿಗೆ ಹೋಗಿ ಕೆರೆಯ ಏರಿಯ ಮೇಲೆ ಕುಳಿತೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಲ್ಲಿ ತಿಂಗಳುಗಟ್ಟಲೆ ಶಾಸನಗಳ ಅಚ್ಚು ತೆಗೆದಿದ್ದೆ. ಶಾಸನಗಳಲ್ಲಿ ಭೂಮಿಯ ಅಳತೆ ಬಂದಾಗಲೆಲ್ಲ ನಾನು ಕಿರಿಯರಿಗೆ ಹೇಳುತ್ತಿದ್ದ ಮಾತೊಂದಿತ್ತು: ಊರಿಗೊಂದು ಅಳತೆಗೋಲು, ಲೆಕ್ಕ ಹಾಕುವ ಮೊದಲು ಯಾರ ಕೋಲು ಎಂದು ಕೇಳಿ. ಆ ಮಾತು ನೆನಪಾದೊಡನೆ ಅಕ್ಕನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮನೆ ಸೇರುವವರೆಗೆ ಮತ್ತೆ ನಾಲ್ಕು ಸಲ ಮಾಡಿದೆ. ಗದ್ದೆಗೆ ಹೋಗುವಾಗ ಅವಳು ಫೋನನ್ನು ಮನೆಯಲ್ಲೇ ಬಿಡುತ್ತಾಳೆ, ಬಂದ ಮೇಲೆ ಅದನ್ನು ನೋಡುವುದೂ ಇಲ್ಲ.

ಬೆಳಿಗ್ಗೆ ಸಾಮಾನಿನ ಗಾಡಿಯಲ್ಲಿ ಚಾಲಕನ ಪಕ್ಕ ಕುಳಿತು ಹೊರಟೆ. ಕೆ.ಆರ್. ಪೇಟೆ ದಾಟುವಾಗ ಅಕ್ಕ ಸಿಕ್ಕಳು.

“ಮೂರು ಮೊಳ ಅಂದೆಯಲ್ಲ ಅಕ್ಕ, ಯಾರ ಮೊಳ?”

“ನಂದೇ ಕಣ್ಲಾ. ಇನ್ಯಾರ್ದು?”

“ಹೇಗೆ ಅಳೆದೆ?”

“ಊವ ಅಳ್ಯೋವಂಗೆ. ಕನಕಾಂಬ್ರ ಅಳ್ದು ಅಳ್ದು ಈ ಕೈಗೆ ಬ್ಯಾರೆ ಮೊಳ ಬರಾಕಿಲ್ಲ.”

ಹಿತ್ತಲಲ್ಲಿ ಬೆಳೆದ ಕನಕಾಂಬರವನ್ನು ಕಟ್ಟಿ ಅಕ್ಕ ವರ್ಷಗಟ್ಟಲೆ ಕೆ.ಆರ್. ಪೇಟೆಯ ಸಂತೆಯಲ್ಲಿ ಮಾರಿದ್ದಳು. ಬಟ್ಟೆಯ ಮೊಳ ಬೆರಳ ತುದಿಯವರೆಗೆ ಹೋಗುತ್ತದೆ. ಹೂವಿನ ಮೊಳ ಮೊಣಕೈಯಿಂದ ಹೊರಟು ಮುಷ್ಟಿಯಲ್ಲೇ ಮುಗಿಯುತ್ತದೆ. ಅದರ ಮೇಲೆ ಅಕ್ಕ ಗಿಡ್ಡ ಆಳು. ಸಂತೆಯ ಹೆಂಗಸರು ಅವಳೊಡನೆ ಜಗಳವಾಡುತ್ತಿದ್ದುದು ಇದಕ್ಕೇ. ಅದನ್ನೆಲ್ಲ ಕಣ್ಣಾರೆ ಕಂಡವನು ನಾನು.

“ನಾನು ಬರುವವರೆಗೆ ಪೂಜೆ ಗೀಜೆ ಮಾಡಬೇಡ, ಗಾಡಿ ಇಳಿಸಲೂ ಬೇಡ” ಎನ್ನುವಷ್ಟರಲ್ಲಿ ಸಂಪರ್ಕ ತಪ್ಪಿತು. ಯಂತ್ರವಿಲ್ಲದೆ ಅವರು ಇಳಿಸುವುದಾದರೂ ಏನನ್ನು? ಯಂತ್ರ ನನ್ನ ಬೆನ್ನ ಹಿಂದೆಯೇ ಕುಲುಕುತ್ತಿತ್ತು. ಇದನ್ನು ಯೋಚಿಸುವಷ್ಟು ನೆಮ್ಮದಿ ಆಗ ನನಗಿರಲಿಲ್ಲ.

ಗದ್ದೆಯ ಬಳಿ ಭಾವ ಆಗಲೇ ಟ್ರಾಕ್ಟರಿನ ಮೇಲೆ ಕುಳಿತಿದ್ದರು. ಯಂತ್ರವನ್ನು ಹಲಗೆಯ ಮೇಲಿಳಿಸಿದ್ದೇ ತಡ, ಅಕ್ಕ ಅದರ ಅಲಗುಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿದಳು. ನಾನು ಟೇಪು ಹಿಡಿದು ಕಬ್ಬಿನೊಳಕ್ಕೆ ನುಗ್ಗಿದೆ.

“ಏನ್ ಮೇಷ್ಟ್ರೆ, ಕಬ್ಬಿಗೆ ಬಟ್ಟೆ ಒಲಿಸ್ತೀರಾ?” ಎಂದರು ಭಾವ.

ಐದು ಕಡೆ ಅಳೆದೆ. ನಲವತ್ತು, ನಲವತ್ತೂವರೆ, ನಲವತ್ತೂವರೆ, ನಲವತ್ತೊಂದು, ಮತ್ತೆ ನಲವತ್ತೂವರೆ. ಯಂತ್ರದ ಅಗಲ ನಲವತ್ತೆರಡು ಇಂಚು. ಟೇಪಿನ ತುದಿ ಹಿಡಿದಿದ್ದ ಅಕ್ಕನಿಗೆ ನಾನು ವಿವರಿಸಬೇಕಾಗಲಿಲ್ಲ. ಅವಳು ಯಂತ್ರವನ್ನು ನೋಡಿದಳು, ಸಾಲನ್ನು ನೋಡಿದಳು, ಬಗ್ಗಿ ಒಂದು ಬುಡದ ಮರಿಗಳನ್ನು ಕೈಯಿಂದ ಒತ್ತರಿಸಿ ಹಿಡಿದಳು.

“ಇದು ಇಳಿದ್ರೆ ಇವು ಉಳಿಯಾಕಿಲ್ಲ” ಎಂದಳು.

ಭಾವ ಮಂಡಿ ಹಿಡಿದುಕೊಂಡು ಇಳಿದರು. “ಪೂಜೆ ಆದ್ ಸಾಮಾನ ಯಾರಾದ್ರೂ ವಾಪಸ್ ಕಳಿಸ್ತಾರಾ? ಬಿದ್ದಿರ್ಲಿ ಬುಡು, ಬರೋ ವರ್ಸ ಸಾಲು ಅಗಲ ಮಾಡ್ಸಾವ.”

“ಈ ವರ್ಸದ್ದು ಕಳೇಲಿ ಮುಚ್ಚೋಗ್ಲಾ? ಪೂಜೆ ನಾನು ಮಾಡಿದ್ದು, ದೇವ್ರಿಗೆ ನಾನೇ ಏಳ್ಕೋತೀನಿ. ತಕೊಂಡೋಗಪ್ಪ.”

ಪಾಂಡವಪುರಕ್ಕೆ ಮರಳುವ ದಾರಿಯುದ್ದಕ್ಕೂ ಗುಂಡಿ ಬಂದಾಗಲೆಲ್ಲ ನಾನು ಹಿಂದಿರುಗಿ ನೋಡುತ್ತಿದ್ದೆ. ಎಲ್ಲಾದರೂ ಕೆಸರು ಸಿಡಿದು ಅಲಗಿಗೆ ತಾಗಿದ್ದರೆ ಮಾತು ಮುಗಿದಂತೆಯೇ. ಅಂಗಡಿಯವರು ಕುಕ್ಕರಗಾಲಲ್ಲಿ ಕೂತು ಅಲಗುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಬೆರಳು ಹಳದಿಯಾಯಿತು.

“ಇದೇನ್ ಸಾರ್, ಮಣ್ಣಾ?”

“ಅರಿಶಿನ.”

ಅವರು ಬೆರಳನ್ನು ಮೂಸಿ ನೋಡಿದರು.

“ಅರಿಶಿನಕ್ಕೆ ನಮ್ದೇನೂ ತಕರಾರಿಲ್ಲ” ಎಂದು ಎದ್ದರು. ನನ್ನ ಎದುರಿಗೇ ಟೇಪು ಹಿಡಿದು ಅಳೆದು ಎರಡೂವರೆ ಅಡಿಯದನ್ನು ಕೊಟ್ಟರು. “ಮೊಳ ಗಿಳ ನಂಬ್ಕೊಂಡು ಬರಬ್ಯಾಡಿ ಸಾರ್, ನಮ್ಮನೇವ್ಳೂ ಊವ ಮಾರ್ತಾಳೆ.”

ಮರುದಿನ ಬೆಳಿಗ್ಗೆ ಬಿದಿರಿನ ಕೋಲೊಂದನ್ನು ಮೂವತ್ತಾರು ಇಂಚಿಗೆ ಕತ್ತರಿಸಿಕೊಂಡೆ. ಆ ಕೋಲು ಎರಡು ಬುಡಗಳ ನಡುವೆ ಸಲೀಸಾಗಿ ಮಲಗಿದ ಕಡೆಯೆಲ್ಲ ಗಾಡಿಯೂ ಯಂತ್ರವೂ ಹಾಯಬಹುದಿತ್ತು. ಮೊದಲ ಸಾಲಿನಲ್ಲಿ ನಾನು ಮುಂದೆ ಕೋಲು ಮಲಗಿಸುತ್ತ ಹೋದೆ, ಭಾವ ಹಿಂದೆ ಗಾಡಿ ಬಿಟ್ಟರು, ಅವರ ಹಿಂದೆ ಅಕ್ಕ ಮರಿಗಳನ್ನು ನೋಡುತ್ತ ಬಂದಳು. ಎಂಜಿನ್ನಿನ ಸದ್ದಿನಲ್ಲಿ ಅವಳೇನಾದರೂ ಕೂಗಿದರೆ ಕೇಳಿಸುತ್ತದೋ ಇಲ್ಲವೋ ಎಂದು ಹತ್ತು ಹೆಜ್ಜೆಗೊಮ್ಮೆ ತಿರುಗುತ್ತಿದ್ದೆ. ಸಾಲು ಮುಗಿದಾಗ ಅವಳ ಕೈಯಲ್ಲಿ ಎರಡು ಮರಿಗಳಿದ್ದವು.

“ಎರಡೇ” ಎಂದಳು. “ಮೇಕೆ ನುಗ್ಗಿದ್ರೂ ಇದ್ಕಿಂತ ಜಾಸ್ತಿ ತಿಂತಿತ್ತು.”

ಹೀಗೆ ಗದ್ದೆಯ ಅರ್ಧ ಮುಗಿಯಿತು. ನಾನು ಪುಸ್ತಕ ತೆಗೆದು ‘ಅಕ್ಕನ ಮೊಳ: ಹದಿಮೂರೂವರೆ ಇಂಚು’ ಎಂದು ಬರೆದು, ಇನ್ನುಳಿದ ಸಾಲುಗಳಿಗೆ ಕೋಲು ಬೇಕಿಲ್ಲವೆಂದುಕೊಂಡು ಅದನ್ನು ಬದುವಿಗೆ ಒರಗಿಸಿದೆ. ಅಕ್ಕ ಅದನ್ನೇ ನೋಡುತ್ತ ನಿಂತಿದ್ದಳು.

“ಅದ್ಯಾಕೆ ಅಲ್ಲಿಟ್ಟೆ? ಎತ್ಕೊ. ಆ ಕಡೆ ಅರ್ಧಕ್ಕೆ ಮೊಳ ಆಕಿದ್ದು ನಾನಲ್ಲ, ನಿಮ್ಮ ಭಾವ.”

ಭಾವನ ತೋಳು ಉದ್ದವೆಂದು, ಅವರ ಸಾಲುಗಳು ಇನ್ನೂ ಅಗಲವಿರಬೇಕೆಂದು ನನಗೆ ಗೊತ್ತಿತ್ತು. ಆದರೂ ಕೋಲನ್ನು ಎತ್ತಿಕೊಂಡೆ.